ಬರೀ ರೊಟ್ಟಿ ಅನ್ನಬೇಡಿ

ಈಗಷ್ಟೇ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದರಲ್ಲೇ ಬರೆಯುತ್ತಿದ್ದೇನೆ.

ಇಲ್ಲೇ ಬೆಳಗಾವಿಯಲ್ಲಿ, ನಮ್ಮ ಮನೆ ಹತ್ತಿರ ಒಂದು ಬೇಕಿಂಗ್ ಕ್ಲಾಸ್ ಇತ್ತು. ಕ್ರಿಸ್‌ಮಸ್ ಒಳಗೆ ಬ್ರೆಡ್, ಕೇಕ್ ಕಲಿಯೋಣ ಅಂತ ಹೋಗಿದ್ದೆ. ಕಲಿಸುವ ಮೇಡಂ ಶುರುವಿಗೇ ಹೇಳಿದರು: "ನಮ್ಮ ಕಡೆ ಹೆಣ್ಮಕ್ಕಳಿಗೆ ಹಿಟ್ಟಿನ ಸೈನ್ಸ್ ಗೊತ್ತಿಲ್ಲ ನೋಡ್ರಿ. ಬರೇ ರೊಟ್ಟಿ ಬಡಿಯೋದು." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಜಪಾನಿನ ಹಾಲಿನ ಬ್ರೆಡ್ ಕಲಿಸಿದರು. ಅದಕ್ಕೆ ಯುದಾನೆ ಅಂತ ಒಂದು ವಿಧಾನ. ಸ್ವಲ್ಪ ಹಿಟ್ಟಿಗೆ ಕುದಿಯುವ ನೀರು ಸುರಿದು ಕಲಸಿಡಬೇಕು. ಬಿಸಿಗೆ ಹಿಟ್ಟಿನ ಪಿಷ್ಟ ನೀರು ಕುಡಿದು ಉಬ್ಬುತ್ತದೆ, ಅಂಟಾಗುತ್ತದೆ. ಅದನ್ನು ಉಳಿದ ಹಿಟ್ಟಿಗೆ ಸೇರಿಸಿದರೆ ಬ್ರೆಡ್ ಮೆತ್ತಗೆ ಬರುತ್ತದೆ, ಬೇಗ ಒಣಗುವುದಿಲ್ಲ. ಎಲ್ಲರೂ ಬರೆದುಕೊಂಡರು. ನನ್ನ ಪೆನ್ನು ಅಲ್ಲೇ ನಿಂತಿತು. ಇದು ನಮ್ಮ ಜೋಳದ ರೊಟ್ಟಿಯ ಎಸರು ಅಲ್ವಾ?

ಜೋಳದಲ್ಲಿ ಗ್ಲುಟೆನ್, ಅಂದರೆ ಗೋಧಿ ಹಿಟ್ಟನ್ನು ಹಿಡಿದಿಡುವ ಅಂಟು, ಇಲ್ಲ. ತಣ್ಣೀರಲ್ಲಿ ನಾದಿದರೆ ಬಡಿಯುವಾಗ ರೊಟ್ಟಿ ಹರಿಯುತ್ತದೆ. ಅದಕ್ಕೇ ಹಿಟ್ಟಿನ ನಡುವೆ ಗುಣಿ ಮಾಡಿ ಕುದಿಯುವ ಎಸರು ಸುರಿಯುವುದು. ಆಗ ಪಿಷ್ಟ ಬೆಂದು ಜಿಗಿ ಬರುತ್ತದೆ. ವಿಜಯಪುರಕ್ಕೆ ಅವ್ವನಿಗೆ ಫೋನ್ ಮಾಡಿ ಕೇಳಿದೆ. "ಎಸರು ಮಳ್ಳಬೇಕವಾ. ಮಳ್ಳಲಿಲ್ಲಂದ್ರ ಹಿಟ್ಟಿಗೆ ಜಿಗಿ ಬರಂಗಿಲ್ಲ," ಅಂದಳು. ಮಳ್ಳೋದು ಅಂದರೆ ಕುದಿಯೋದು. ಅವ್ವ ಓದಿದ್ದು ಮೂರನೇ ಇಯತ್ತೆ. ಜಪಾನಿನವರು ಮಾಡಿದರೆ ಸೈನ್ಸ್, ಅವ್ವ ಮಾಡಿದರೆ ಬರೀ ರೊಟ್ಟಿ. ಇದು ನ್ಯಾಯವಲ್ಲ.

ಸಜ್ಜೆ ವಿಷಯ ತೆಗೆದುಕೊಳ್ಳಿ. ಸಜ್ಜೆಯಲ್ಲಿ ಎಣ್ಣೆಯ ಅಂಶ ಜಾಸ್ತಿ. ಬೀಸಿದ ಮೇಲೆ ಹಿಟ್ಟು ಬಹಳ ದಿನ ತಡೆಯುವುದಿಲ್ಲ, ಕಹಿಯಾಗುತ್ತದೆ. ಸೆಕೆಯಲ್ಲಂತೂ ಇನ್ನೂ ಬೇಗ. ಮುಂಗಾರಿಯ ಸಜ್ಜೆ, ಎಳ್ಳು ಎರಡೂ ಚಳಿಗಾಲದ ಹೊತ್ತಿಗೆ ಹೊಸದಾಗಿ ಮನೆಗೆ ಬಂದಿರುತ್ತವೆ. ಎಳ್ಳು ಅಮಾವಾಸ್ಯೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸುಮ್ನೆ ಬಂದದ್ದಲ್ಲ. ಹೊಲದಲ್ಲಿ ಬಿಳಿಜೋಳ ಎದೆಮಟ್ಟ ನಿಂತಿರುತ್ತದೆ. ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆಯನ್ನು ಹೊಲದ ತುಂಬ ಎರಚಿ, ಬುತ್ತಿ ಬಿಚ್ಚಿ ಕೂತರೆ ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಲೆ. ಆ ರೊಟ್ಟಿಯನ್ನೇ ಕಾವಿಗೆ ಹಿಡಿದು ನೀರಿನಂಶ ಆರಿಸಿದರೆ ಖಡಕ್ ರೊಟ್ಟಿ, ವಾರಗಟ್ಟಲೆ ಇರುತ್ತದೆ. ಬಿಸ್ಕತ್ತು ಅನ್ನೋ ಮಾತಿನ ಮೂಲ ಅರ್ಥವೂ ಎರಡು ಸಲ ಬೇಯಿಸಿದ್ದು ಅಂತಲೇ.

ಓವನ್, ಈಸ್ಟ್ ಬೇರೆಯದೇ ವಿದ್ಯೆ ಅನ್ನಬಹುದು ನೀವು. ಹೌದು, ಅದಕ್ಕೇ ರೊಕ್ಕ ಕೊಟ್ಟು ಕಲಿಯಲು ಹೋಗಿದ್ದೆ. ಆದರೆ ಒಂದನ್ನು ಕಲಿಯಲು ಇನ್ನೊಂದನ್ನು ಯಾಕೆ ಹಳಿಯಬೇಕು? ಇದೇ ಬೆಳಗಾವಿಯಲ್ಲಿ ಬೋರಲು ಹಾಕಿದ ಗಡಿಗೆಯ ಮೇಲೆ ಮಂಡಿಗೆ ಅನ್ನೋ ತೆಳ್ಳನೆಯ ಸಿಹಿ ಬೇಯಿಸುತ್ತಾರೆ. ಎಷ್ಟು ಕಾವು, ಎಷ್ಟು ಹೊತ್ತು ಅನ್ನೋದು ಅವರ ಕೈಗೆ ಗೊತ್ತು.

ಇಷ್ಟು ಸಿಟ್ಟು ಯಾಕೆ ಅಂದರೆ, ಒಂದು ಮಾತು ಹೇಳಲೇಬೇಕು. ಮದುವೆಯಾದ ಹೊಸತರಲ್ಲಿ ಇಲ್ಲಿನ ಕ್ಯಾಂಪ್ ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ಪಕ್ಕದ ಮನೆಯ ಗೋವಾದ ಆಂಟಿ ಕ್ರಿಸ್‌ಮಸ್‌ಗೆ ತಾಟು ತುಂಬ ಕುಲ್‌ಕುಲ್, ನೆವ್ರಿ ಕಳಿಸಿದರು. ನೆವ್ರಿ ಅಂದರೆ ನಮ್ಮ ಕರ್ಚಿಕಾಯಿಯೇ. ಕುಲ್‌ಕುಲ್ ಮಾಡಲು ಫೋರ್ಕಿನ ಬೆನ್ನ ಮೇಲೆ ಹಿಟ್ಟಿನ ಉಂಡೆ ಒತ್ತಿ ಸುರುಳಿ ಮಾಡುತ್ತಾರೆ, ಆಮೇಲೆ ಕರಿಯುತ್ತಾರೆ. ಮನೆಮಂದಿಯೆಲ್ಲ ಸುತ್ತ ಕೂತು ಮಾಡುತ್ತಾರಂತೆ, ನಮ್ಮಲ್ಲಿ ಪಾಯಸಕ್ಕೆ ಕೈಯಲ್ಲಿ ಗವಲಿ ಹೊಸೆಯುವ ಹಾಗೆ. ಅದೇ ವಾರ ಅವ್ವ ಊರಿಂದ ಸಜ್ಜೆ ರೊಟ್ಟಿ ಕಟ್ಟಿ ಕಳಿಸಿದ್ದಳು. ತಾಟು ಖಾಲಿ ಕೊಡಬಾರದು. ರೊಟ್ಟಿ ಇಡಲು ನನಗೆ ನಾಚಿಕೆಯಾಯಿತು. ಅಂಗಡಿಯಿಂದ ಕುಂದಾ ತಂದು ಇಟ್ಟು ಕೊಟ್ಟೆ. ಅವ್ವನ ರೊಟ್ಟಿ ಡಬ್ಬಿಯಲ್ಲೇ ಉಳಿಯಿತು. ಬರೀ ರೊಟ್ಟಿ ಅಂತ ಅವತ್ತು ಅಂದುಕೊಂಡವಳು ನಾನೇ. ಇವತ್ತು ಆ ನಗು ಕೇಳಿದಾಗ ಆ ಡಬ್ಬಿ ಕಣ್ಮುಂದೆ ಬಂತು.

ಕ್ಲಾಸಿನಲ್ಲಿ ಇವತ್ತು ನನಗೆ ಬಾಯಿ ಬರಲಿಲ್ಲ. ಮುಂದಿನ ವಾರ ಎದ್ದು ನಿಂತು ಎಸರಿನ ಮಾತು ಹೇಳುತ್ತೇನೆ.

ಆಂಟಿ ಈಗಲೂ ಅದೇ ಮನೆಯಲ್ಲಿದ್ದಾರೆ. ಸಜ್ಜೆ ಹಸನು ಮಾಡಿಟ್ಟಿದ್ದೇನೆ, ನಾಳೆ ಬೆಳಿಗ್ಗೆ ಗಿರಣಿಗೆ. ಎಳ್ಳು ಹಚ್ಚಿದ ರೊಟ್ಟಿ, ಗುರೆಳ್ಳು ಚಟ್ನಿ, ಒಂದು ಮುದ್ದೆ ಬೆಣ್ಣೆ. ತಾಟು ನಾನೇ ಒಯ್ದು ಕೊಡುತ್ತೇನೆ.