ಅಲ್ಲಿ ಚಿಮ್ಮಿದ ನಾಣ್ಯ ಇಲ್ಲಿ ಬೀಳುವುದಿಲ್ಲ

ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2021ರಲ್ಲಿ ಕ್ರೆಡಿಟ್ ಬ್ಯಾಂಕ್ ತೆರೆದ ಕಥೆ ನಿಮಗೆ ಗೊತ್ತೇ ಇದೆ. ಕಲಿತದ್ದಕ್ಕೆ ಸಿಗುವ ಕ್ರೆಡಿಟ್ಟನ್ನು (ಪಾಠದ ಗಂಟೆಗಳ ಅಳತೆ) ಜಮೆ ಮಾಡಿ, ಹೆಚ್ಚೆಂದರೆ 7 ವರ್ಷದೊಳಗೆ ಇನ್ನೊಂದು ವಿವಿಯಲ್ಲಿ ಬಳಸಿಕೊಳ್ಳಿ ಎಂದರು. ಎಂಥ ಔದಾರ್ಯ! ಖಾತೆ ಇದೆ, ಬ್ಯಾಲೆನ್ಸೂ ಕಾಣುತ್ತದೆ. ಚೆಕ್ಕು ಮಾತ್ರ 'ತತ್ಸಮಾನವಲ್ಲ' ಎಂಬ ಷರಾ ಹೊತ್ತು ವಾಪಸು ಬರುತ್ತದೆ.

ಸಂಖ್ಯಾಶಾಸ್ತ್ರದ ಪೇಪರನ್ನೇ ನೋಡಿ. ಹಳೆಯ ವಿವಿಯಲ್ಲಿ 4 ಕ್ರೆಡಿಟ್: ಮೂರು ಥಿಯರಿ, ಒಂದು ಪ್ರಾಕ್ಟಿಕಲ್. ಥಿಯರಿ ಕ್ರೆಡಿಟ್ಟಿಗೆ 15 ಗಂಟೆ, ಪ್ರಾಕ್ಟಿಕಲ್ಲಿಗೆ 30. ಒಟ್ಟು 75. ಹೊಸ ವಿವಿಯಲ್ಲೂ 4 ಕ್ರೆಡಿಟ್ಟೇ, ಆದರೆ ಪೂರ್ತಿ ಥಿಯರಿ, ಅಂದರೆ 60 ಗಂಟೆ. ಈಗ 75 ಗಂಟೆ ಕೂತು ಕಲಿತವನಿಗೆ ಥಿಯರಿಯಲ್ಲಿ 15 ಗಂಟೆ ಕೊರತೆಯಂತೆ! ಹೀಗೆ ಕಳೆಯುವವರು ಸಂಖ್ಯಾಶಾಸ್ತ್ರದಲ್ಲಿ ಯಾರು ಪಾಸು ಎಂದು ತೀರ್ಮಾನಿಸುತ್ತಾರೆ.

ಪಾಯ್ಸಾನ್ ವಿತರಣೆ ಎಂಬ ಪಾಠ ಅಲ್ಲಿ ಎರಡನೇ ಘಟಕದಲ್ಲಿ, ಇಲ್ಲಿ ಮೂರನೆಯದರಲ್ಲಿ. ಅದೂ ಒಂದು ಆಕ್ಷೇಪ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಬರೆದ ಲೇಖನದಿಂದ ಹುಟ್ಟಿದ, ಸಣ್ಣ ಮಾದರಿಗಳ ಸರಾಸರಿಯನ್ನು ಪರೀಕ್ಷಿಸುವ ಟಿ-ಪರೀಕ್ಷೆ ಜಗತ್ತೆಲ್ಲ ಸುತ್ತಿತು, ಪಕ್ಕದ ಜಿಲ್ಲೆಯ ವಿವಿಗೆ ಮಾತ್ರ ದಾಟಲಾರದು. ಪುಣ್ಯಾತ್ಮ ಹೆಸರಿಗಷ್ಟೇ ಸ್ಟೂಡೆಂಟು. ನಿಜವಾಗಿ ಆಗಿದ್ದರೆ ಸಿಲಬಸ್ಸಿನ ಪ್ರತಿ ಪುಟಕ್ಕೂ ಸೀಲು ಹಾಕಿಸುತ್ತ ನಿಂತಿರಬೇಕಿತ್ತು. ಅದೂ ತಾನು ಓದಿದ ವರ್ಷದ್ದೇ ಸಿಲಬಸ್ ಆಗಬೇಕು. ಜಾಲತಾಣದಲ್ಲಿರುವ ಪರಿಷ್ಕೃತ ಪ್ರತಿ ಒಯ್ದರೆ ಕೋರ್ಸ್ ಕೋಡ್ ಹೊಂದುವುದಿಲ್ಲ.

ಇನ್ನು ವಿವಿ ಕಚೇರಿಗೆ ಅಲೆದಾಟ. ಒಂದು ಭೇಟಿಗೆ ಕೆಲಸವಾಗುವ ಸಂಭವನೀಯತೆ ಐದರಲ್ಲೊಂದು ಅಂತಿಟ್ಟುಕೊಳ್ಳಿ. ಸರಾಸರಿ 5 ಸಲ ಹೋಗಬೇಕು. ಹತ್ತು ಸಲ ಹೋಗಿಯೂ ಆಗದಿದ್ದರೆ? ಇನ್ನೂ ಸರಾಸರಿ 5 ಸಲ. ಮೊದಲ ಗೆಲುವಿಗೆ ಎಷ್ಟು ಯತ್ನ ಬೇಕೆಂದು ಲೆಕ್ಕ ಹಾಕುವ ಈ ಗುಣೋತ್ತರ ವಿತರಣೆಗೆ ಹಿಂದಿನದರ ನೆನಪಿರುವುದಿಲ್ಲ. ಕೌಂಟರಿನಲ್ಲಿ ಕೂತವರಿಗೂ ಇರುವುದಿಲ್ಲ. ಪಠ್ಯದ ಉದಾಹರಣೆಯನ್ನು ಇಷ್ಟು ನಿಷ್ಠೆಯಿಂದ ನಡೆಸಿ ತೋರಿಸುವ ಕಚೇರಿಗೆ ಅದಕ್ಕಾದರೂ ಎರಡು ಕ್ರೆಡಿಟ್ ಕೊಡಬಹುದು.

ಕಡತ ಕೊನೆಗೆ ಸಿಲಬಸ್ ನೋಡಿಕೊಳ್ಳುವ ಅಧ್ಯಯನ ಮಂಡಳಿಗೆ ಹೋಗುತ್ತದೆ. ಅದು ಸಭೆ ಸೇರುವ ಹೊತ್ತಿಗೆ ಪರೀಕ್ಷಾ ಶುಲ್ಕ ಕಟ್ಟುವ ದಿನ ದಾಟಿರುತ್ತದೆ. ಪಾಸಾದ ಪೇಪರಿಗೆ ಮತ್ತೆ ಫೀಸು, ಮತ್ತೆ ಕ್ಲಾಸು, ಮತ್ತೆ ಅದೇ ಎರಡು ದಾಳ, ಅದೇ ಕೆಂಪು ಚೆಂಡು. ಹುಡುಗರ ಒಂದು ಸೆಮಿಸ್ಟರ್ ಹೋಗುತ್ತದ್ರೀ, ಮನೆಯವರ ದುಡ್ಡು ಹೋಗುತ್ತದೆ. ಎರಡು ಸಿಲಬಸ್ ಅಕ್ಕಪಕ್ಕ ಇಟ್ಟು ಗೆರೆ ಎಳೆಯಲು ಒಬ್ಬ ಮೇಷ್ಟ್ರಿಗೆ ಒಂದು ಮಧ್ಯಾಹ್ನ ಸಾಕು. ಅಷ್ಟಕ್ಕೂ ಯಾರೂ ಕೂರುವುದಿಲ್ಲ.