ಕಾರು ಹಂಚಿಕೊಳ್ಳಲು ಒಪ್ಪಿದ್ದೇನೆ, ಹಾಳು ಮಾಡಲು ಒಪ್ಪಿಲ್ಲ

ಪ್ರೀತಿಸಿದವರ ನಡುವೆ ನಿನ್ನದು, ನನ್ನದು ಎಂಬ ಲೆಕ್ಕ ಇರಬಾರದು ಎಂದು ನನಗೆ ಬುದ್ಧಿ ಹೇಳುವವರೆಲ್ಲರೂ ಒಮ್ಮೆ ನನ್ನ ಕಾರಿನ ಕ್ಲಚ್ ಪೆಡಲನ್ನು ಒತ್ತಿ ನೋಡಬೇಕು. ಕಾಲಿಟ್ಟರೆ ಹಗುರವಾಗಿ ಇಳಿಯುತ್ತಿದ್ದ ಪೆಡಲ್ ಈಗ ಮೊಣಕಾಲು ನೋಯುವಷ್ಟು ಬಿಗಿದುಕೊಂಡಿದೆ. ಏರಿನಲ್ಲಿ ಎಂಜಿನ್ ಕೂಗುತ್ತದೆ, ಕಾರು ಮುಂದಕ್ಕೆ ಹೋಗುವುದಿಲ್ಲ. ನಾನು ಮದುವೆಯಾಗಲಿರುವ ಹುಡುಗ ನನ್ನ ಕಾರನ್ನು ಬಳಸಲು ಆರಂಭಿಸಿದ ಮೇಲೆ ಆಗಿರುವುದು ಇದು.

ಕಾರು ಮಾರುತಿ ಝೆನ್. ಅಪ್ಪ 2004ರಲ್ಲಿ ಹೊಸದಾಗಿ ಕೊಂಡದ್ದು, ಅವರ ಕಣ್ಣು ಮಂಜಾದ ಮೇಲೆ ನನ್ನ ಹೆಸರಿಗೆ ಬಂದದ್ದು. 993 ಸಿಸಿಯ ಆ ಪುಟ್ಟ ಎಂಜಿನ್ ಇಂದಿಗೂ ಒಂದೇ ಸಲಕ್ಕೆ ಚಾಲೂ ಆಗುತ್ತದೆ. ಅದರ ಹಿಂದೆ ಎರಡು ದಶಕಗಳ ಶಿಸ್ತು ಇದೆ: ಸಮಯಕ್ಕೆ ಸರಿಯಾಗಿ ಬದಲಾದ ಆಯಿಲ್, ಪ್ರತಿ ಸರ್ವಿಸನ್ನೂ ಅಪ್ಪ ದಿನಾಂಕ ಸಮೇತ ಬರೆದಿಟ್ಟ ನೋಟ್‌ಬುಕ್, ಒಬ್ಬನೇ ಮೆಕ್ಯಾನಿಕ್‌ನ ಕೈ. ಹದಿನೈದು ವರ್ಷ ತುಂಬಿದಾಗ ಆರ್‌ಸಿ, ಎಂದರೆ ನೋಂದಣಿ ಪತ್ರ, ನವೀಕರಿಸಿದೆವು, 2024ರಲ್ಲಿ ಐದು ಸಾವಿರ ರೂಪಾಯಿ ಶುಲ್ಕ ಕಟ್ಟಿ ಮತ್ತೆ ನವೀಕರಿಸಿದೆವು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಆ ಶುಲ್ಕವನ್ನು ಹತ್ತು ಸಾವಿರಕ್ಕೆ ಏರಿಸಿದ್ದಾರೆ, 2029ರಲ್ಲಿ ಅದನ್ನೂ ಕಟ್ಟುವುದೆಂದು ನಾನು ಈಗಲೇ ನಿಶ್ಚಯಿಸಿದ್ದೇನೆ. ಈ ಮಾದರಿಯ ತಯಾರಿಕೆ 2006ರಲ್ಲೇ ನಿಂತಿತು. ಆಮೇಲೆ ಅದೇ ಹೆಸರು ಹೊತ್ತು ಬಂದ ಎಸ್ಟಿಲೊ ಬೇರೆಯದೇ ಕಾರು, ಅದರ ಭಾಗಗಳು ಇದಕ್ಕೆ ಹೊಂದುವುದಿಲ್ಲ. ಆದ್ದರಿಂದ ಇದರಲ್ಲಿ ಒಂದು ಭಾಗ ಮುರಿಯಿತೆಂದರೆ ಅಂಗಡಿಗೆ ಹೋಗಿ ತರುವ ಮಾತಿಲ್ಲ, ಹುಡುಕಾಟವೇ ಗತಿ. ಇಷ್ಟನ್ನೂ ನಾನು ಅವನಿಗೆ ಕೀ ಕೊಡುವ ಮೊದಲೇ ಕೂರಿಸಿಕೊಂಡು ಹೇಳಿದ್ದೆ.

ಅವನ ಕಚೇರಿ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿದೆ. ಮಳೆಗಾಲದಲ್ಲಿ ಬೈಕ್ ಕಷ್ಟ, ಕ್ಯಾಬಿನ ದರ ಕೈಗೆಟುಕುವುದಿಲ್ಲ ಎಂದು ಕೇಳಿದಾಗ ವಾರದಲ್ಲಿ ಕೆಲವು ದಿನ ಒಯ್ಯಲಿ ಎಂದು ಸಂತೋಷದಿಂದಲೇ ಒಪ್ಪಿದೆ. ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ಅವನು ಬ್ರೇಕ್ ಹಿಡಿದು ಗೇರನ್ನು ನ್ಯೂಟ್ರಲ್‌ಗೆ ತರುವುದಿಲ್ಲ. ಸಿಗ್ನಲ್ ಬಿಡುವವರೆಗೂ ಮೊದಲ ಗೇರಿನಲ್ಲಿ ಅರ್ಧ ಕ್ಲಚ್ ಒತ್ತಿಕೊಂಡು ಕಾರನ್ನು ಹಿಂದೆ ಮುಂದೆ ತೂಗುತ್ತಿರುತ್ತಾನೆ. ಕ್ಲಚ್ ಪ್ಲೇಟ್ ಎಂಜಿನ್ನಿನೊಂದಿಗೆ ತಿರುಗುವ ಫ್ಲೈವ್ಹೀಲ್‌ಗೂ ಅದಕ್ಕೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿಗೂ ನಡುವೆ ಕೂತಿರುತ್ತದೆ, ಪೂರ್ತಿ ಒತ್ತದೆ ಪೂರ್ತಿ ಬಿಡದೆ ಇಟ್ಟರೆ ಅದು ಉಜ್ಜುತ್ತಲೇ ಇರುತ್ತದೆ, ಕಾಯುತ್ತದೆ, ಸವೆಯುತ್ತದೆ. ಸುಟ್ಟ ವಾಸನೆ ಬಂದರೆ ಅವನು ಕಿಟಕಿ ಇಳಿಸುತ್ತಾನೆ. ಪಕ್ಕದಲ್ಲಿ ಕುಳಿತು ನಾನು ಈ ವಿಷಯವನ್ನು ಮೆಲ್ಲಗೆ ಹೇಳಿದ್ದೇನೆ, ಗಟ್ಟಿಯಾಗಿ ಹೇಳಿದ್ದೇನೆ, ಮೆಕ್ಯಾನಿಕ್‌ನ ಬಾಯಿಂದಲೂ ಹೇಳಿಸಿದ್ದೇನೆ. ‘ಎಲ್ಲರೂ ಹೀಗೇ ಓಡಿಸುತ್ತಾರೆ ಕಣೇ’ ಎಂಬುದಷ್ಟೇ ಉತ್ತರ.

ನಂದಿ ಬೆಟ್ಟದಿಂದ ಇಳಿಯುವಾಗ ಅವನು ಮಾಡಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆ ತಿರುವುಗಳಲ್ಲಿ, ಪೆಟ್ರೋಲ್ ಉಳಿಯುತ್ತದೆ ಎಂದು ಗೇರನ್ನು ನ್ಯೂಟ್ರಲ್‌ಗೆ ಹಾಕಿ ಬ್ರೇಕಿನ ಮೇಲೆಯೇ ಕಾರನ್ನು ಇಳಿಸಿದ. ಎಂಪಿಎಫ್‌ಐ, ಎಂದರೆ ಕಂಪ್ಯೂಟರ್ ಅಳೆದು ಪೆಟ್ರೋಲ್ ಸಿಂಪಡಿಸುವ, ಎಂಜಿನ್ನಿನಲ್ಲಿ ಗೇರ್ ಹಾಕಿಕೊಂಡೇ ಆಕ್ಸಿಲರೇಟರ್ ಬಿಟ್ಟು ಇಳಿದರೆ ಪೆಟ್ರೋಲ್ ಸಿಂಪಡಣೆ ತಾನಾಗಿಯೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತಿರಲು ಪೆಟ್ರೋಲ್ ಖರ್ಚಾಗುತ್ತಲೇ ಇರುತ್ತದೆ. ಅಂದರೆ ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತವೂ ಇಲ್ಲ, ಕಾಯ್ದ ಬ್ರೇಕ್ ಯಾವ ತಿರುವಿನಲ್ಲಿ ಕೈಕೊಡುತ್ತದೆಯೋ ಗೊತ್ತಿಲ್ಲ. ಅಲ್ಲಿ ನಾನು ಕಾರನ್ನಷ್ಟೇ ಅಲ್ಲ, ನಮ್ಮಿಬ್ಬರ ಪ್ರಾಣವನ್ನೂ ಕುರಿತು ಕೂಗಿದೆ. ಹಬ್ಬದ ದಿನ ಮನಸ್ಸು ಕೆಡಿಸಿದೆ ಎಂದು ಅವನು ಮನೆ ಮುಟ್ಟುವವರೆಗೂ ಮುಖ ಊದಿಸಿಕೊಂಡಿದ್ದ.

ಸಣ್ಣ ಸಂಗತಿಗಳೂ ಇವೆ, ಅವು ಸಣ್ಣವೆಂದು ನಾನು ಒಪ್ಪುವುದಿಲ್ಲ. ಟ್ಯಾಂಕ್ ತುಂಬಿಸಿ ಕೊಟ್ಟ ಕಾರು ಯಾವಾಗಲೂ ರಿಸರ್ವ್‌ಗೆ ಇಳಿದು ಹಿಂದಿರುಗುತ್ತದೆ. ಪೆಟ್ರೋಲಿನ ದುಡ್ಡಿಗಾಗಿ ನಾನು ಜಗಳವಾಡುವವಳಲ್ಲ. ಆದರೆ ಇಂಧನ ಪಂಪು ಟ್ಯಾಂಕಿನೊಳಗೇ ಇದ್ದು ಆ ಪೆಟ್ರೋಲಿನಿಂದಲೇ ತಂಪಾಗುತ್ತದೆ ಎಂದು ತಿಳಿಸಿದ ಮೇಲೂ ಹೀಗೆ ಮಾಡಿದರೆ ಅದನ್ನು ಮರೆವು ಎನ್ನುವುದು ಹೇಗೆ? ಬೀದಿಯಲ್ಲಿ ಬೇರೆಡೆ ಜಾಗವಿದ್ದರೂ ನೇರಳೆ ಮರದ ಕೆಳಗೇ ನಿಲ್ಲಿಸುತ್ತಾನೆ. ಹಣ್ಣಿನ ಕಲೆ, ಹಕ್ಕಿಯ ಹಿಕ್ಕೆ ಎರಡು ದಿನ ಬಿಸಿಲಿಗೆ ಬೆಂದರೆ ಬಣ್ಣದ ಮೇಲಿನ ಪದರವನ್ನೇ ತಿಂದುಹಾಕುತ್ತವೆ. ಒರೆಸುವವಳು ನಾನು. ಮಳೆ ನೀರು ನಿಂತ ಕೆಳಸೇತುವೆಗೆ ಕಾರು ಇಳಿಸಬೇಡ, 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ಮುಳುಗಿ ಒಬ್ಬ ಹುಡುಗಿಯ ಜೀವವೇ ಹೋಯಿತು ಎಂದರೆ, ‘ನಮ್ಮ ಮುಂದಿದ್ದ ಕಾರು ದಾಟಿ ಹೋಯಿತಲ್ಲ’ ಎನ್ನುತ್ತಾನೆ.

ಸಂಚಾರ ಉಲ್ಲಂಘನೆಯ ನೋಟಿಸ್ ಬರುವುದು ಆರ್‌ಸಿಯಲ್ಲಿ ಹೆಸರಿರುವವರಿಗೆ, ಎಂದರೆ ನನಗೆ. ಕ್ಯಾಮೆರಾ ತೆಗೆದ ಚಿತ್ರದಲ್ಲಿ ಸೀಟ್ ಬೆಲ್ಟ್ ಹಾಕದೆ ಕುಳಿತಿರುವವನು ಅವನು, ತಪ್ಪಿತಸ್ಥಳಾಗಿ ನಿಲ್ಲುವವಳು ನಾನು. ದಂಡ ಕಟ್ಟು ಎಂದರೆ, 2023ರ ಫೆಬ್ರುವರಿಯಲ್ಲಿ, ಮತ್ತೆ 2025ರ ಆಗಸ್ಟ್ ಕೊನೆಯಲ್ಲಿ ಅರ್ಧ ದಂಡದ ರಿಯಾಯಿತಿ ಕೊಟ್ಟಿದ್ದರಲ್ಲ, ಇನ್ನೊಮ್ಮೆ ಕೊಡುತ್ತಾರೆ, ಕಾಯೋಣ ಎನ್ನುತ್ತಾನೆ. ಅವನು ಕಾಯುವುದು ನನ್ನ ಹೆಸರಿನ ಮೇಲೆ.

ಇದೆಲ್ಲವನ್ನೂ ನುಂಗಿಕೊಂಡಿದ್ದೆ. ಕಳೆದ ವಾರ ನಡೆದದ್ದನ್ನು ಮಾತ್ರ ನುಂಗಲು ಸಾಧ್ಯವಿಲ್ಲ. ನನ್ನನ್ನು ಒಂದು ಮಾತೂ ಕೇಳದೆ ಅವನು ಕಾರನ್ನು ತನ್ನ ಸಹೋದ್ಯೋಗಿಯ ಕೈಗೆ ಕೊಟ್ಟ. ಆತನ ತಂದೆ ತಾಯಿಯನ್ನು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಿಡಬೇಕಿತ್ತಂತೆ. ಆತನ ಬಳಿ ಚಾಲನಾ ಪರವಾನಗಿ ಇದೆಯೇ ಎಂದು ಕೂಡ ವಿಚಾರಿಸಿರಲಿಲ್ಲ. ಪರವಾನಗಿ ಇಲ್ಲದವನ ಕೈಯಲ್ಲಿ ಅಪಘಾತವಾದರೆ ವಿಮಾ ಕಂಪನಿಯ ಮುಂದೆಯೂ ನ್ಯಾಯಾಲಯದ ಮುಂದೆಯೂ ನಿಲ್ಲಬೇಕಾದ ಮಾಲೀಕಳು ನಾನು. ಕಾರು ಹಿಂದಿರುಗಿದಾಗ ಹಿಂಬದಿಯ ಬಂಪರ್ ಸೀಳಿತ್ತು, ಬಲಗಡೆಯ ಟೇಲ್ ಲ್ಯಾಂಪ್ ಚೂರಾಗಿತ್ತು. ‘ಯಾವುದೋ ಆಟೊ ತಗುಲಿತಂತೆ, ಇನ್ಶೂರೆನ್ಸ್ ಇದೆಯಲ್ಲ’ ಎಂದ. ಐದು ವರ್ಷ ಒಂದೂ ಕ್ಲೇಮ್ ಮಾಡದೆ ಕಾಪಾಡಿಕೊಂಡು ಬಂದಾಗ ಸಿಗುವ ಐವತ್ತು ಪ್ರತಿಶತ ನೋ ಕ್ಲೇಮ್ ಬೋನಸ್ ಎಂಬ ಪ್ರೀಮಿಯಂ ರಿಯಾಯಿತಿ ಈ ಒಂದೇ ಕ್ಲೇಮಿಗೆ ಸೊನ್ನೆಯಾಗುತ್ತದೆ. ಅಷ್ಟಾದರೂ ಪ್ಲಾಸ್ಟಿಕ್ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ ಸವಕಳಿಯೆಂದು ಅರ್ಧ ಕಡಿದೇ ಕೊಡುತ್ತಾರೆ. ಅದನ್ನು ವಿವರಿಸುವಷ್ಟರಲ್ಲಿ ಅವನು ಮೊಬೈಲ್ ನೋಡತೊಡಗಿದ್ದ.

ನಾನು ಬಿಡಿಭಾಗಗಳಿಗಾಗಿ ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದೆ. ಹಳೆಯ ಝೆನ್ ಎಂದೊಡನೆ ಕೈಯಾಡಿಸಿ ಕಳಿಸುವವರೇ ಹೆಚ್ಚು. ಶಿವಾಜಿನಗರದ ಗುಜರಿಯಲ್ಲಿ ಒಂದು ಲ್ಯಾಂಪ್ ಸಿಕ್ಕಿತು, ಅದು ಎಡಗಡೆಯದು. ಬಂಪರನ್ನು ಬೆಸೆದು ಬಣ್ಣ ಹೊಡೆಯಬಹುದು, ಆದರೆ ಮೊದಲಿನ ಹಾಗೆ ಕೂರುವುದಿಲ್ಲ ಎಂದು ಮೆಕ್ಯಾನಿಕ್ ಸ್ಪಷ್ಟವಾಗಿ ಹೇಳಿದ. ಅಪ್ಪ ಬಂಪರಿನ ಮೇಲೆ ಕೈಯಾಡಿಸಿ, ‘ಹೋಗಲಿ ಬಿಡಮ್ಮ, ಹುಡುಗನ ಹತ್ತಿರ ಮಾತು ಬೆಳೆಸಬೇಡ’ ಎಂದರು. ಎರಡು ದಶಕ ಗೀರು ಬೀಳದಂತೆ ನೋಡಿಕೊಂಡವರು ಮಗಳ ಸಂಬಂಧ ಕೆಟ್ಟೀತೆಂದು ಹೀಗೆ ತಗ್ಗಿ ಮಾತಾಡಬೇಕಾಯಿತಲ್ಲ ಎಂಬುದು ನನ್ನ ಸಿಟ್ಟನ್ನು ಇಮ್ಮಡಿಸಿದೆ. ದೊಡ್ಡಮ್ಮನದು ಇನ್ನೊಂದು ರಾಗ: ನಾಳೆ ತಾಳಿ ಕಟ್ಟುವವನು, ಒಂದು ಹಳೇ ಕಾರಿಗೆ ಇಷ್ಟು ರಂಪವೇ? ಅವನಂತೂ ಇನ್ನೂ ಮುಂದೆ ಹೋಗಿ, ‘ನಿನಗೆ ನನಗಿಂತ ಆ ಡಬ್ಬವೇ ಹೆಚ್ಚು’ ಎಂದುಬಿಟ್ಟ.

ಈ ಮಾತನ್ನು ನಾನು ಸ್ವಲ್ಪವೂ ಒಪ್ಪುವುದಿಲ್ಲ. ಒಬ್ಬರು ಜೋಪಾನ ಮಾಡಿದ ವಸ್ತುವನ್ನು ಬಳಸುವಾಗ ಅವರಷ್ಟೇ ಜೋಪಾನ ಮಾಡುವುದು ಅವರಿಗೆ ಕೊಡುವ ಗೌರವ. ನಾನು ಕೇಳಿದ್ದು ಗೌರವವನ್ನು, ಅವನು ಅದನ್ನು ಪ್ರೀತಿಯ ತಕ್ಕಡಿಗೆ ಹಾಕಿ ನನ್ನನ್ನೇ ಜಿಪುಣಿ ಮಾಡಿದ. ಅವನ ಲ್ಯಾಪ್‌ಟಾಪನ್ನು ನಾನು ಕೇಳದೆ ಗೆಳತಿಗೆ ಕೊಟ್ಟು, ಪರದೆ ಒಡೆದು ತಂದು, ವಾರಂಟಿ ಇದೆಯಲ್ಲ ಎಂದಿದ್ದರೆ ಅವನು ನಗುತ್ತಿದ್ದನೇ?

ಎರಡನೆಯ ಕೀಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಬಾಕಿ ಇರುವ ದಂಡವನ್ನು ಅವನು ರಿಯಾಯಿತಿಗೆ ಕಾಯದೆ ಕಟ್ಟಬೇಕು. ಬಲಗಡೆಯ ಟೇಲ್ ಲ್ಯಾಂಪನ್ನು ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದಲ್ಲೋ ತಾನೇ ಬಿಸಿಲಿನಲ್ಲಿ ನಡೆದು ಹುಡುಕಿ ತರಬೇಕು. ಕ್ಲಚ್ ಸೆಟ್ ಬದಲಿಸುವ ದಿನ ಗ್ಯಾರೇಜಿನಲ್ಲಿ ನಿಂತು, ಬಿಚ್ಚಿ ತೆಗೆದ ಪ್ಲೇಟ್ ಎಷ್ಟು ಸವೆದಿದೆ ಎಂಬುದನ್ನು ಕಣ್ಣಾರೆ ನೋಡಬೇಕು. ಅಪ್ಪನ ಎದುರು ಕುಳಿತು ಕ್ಷಮೆ ಕೇಳಬೇಕು. ಇಷ್ಟೂ ಆಗುವವರೆಗೆ ಅವನು ಕಚೇರಿಗೆ ಬಸ್ಸಿನಲ್ಲಿ ಹೋಗಲಿ. ಮದುವೆಯ ಛತ್ರದಿಂದ ಮನೆಗೆ ಈ ಕಾರಿನಲ್ಲೇ ಬರಬೇಕೆಂದು ಅವನಿಗೆ ಆಸೆಯಿದೆಯಂತೆ. ಆ ದಿನವೂ ಸ್ಟಿಯರಿಂಗ್ ಹಿಡಿಯುವವಳು ನಾನೇ.