ಸಮಪ್ರಮಾಣದ ಬಾಳೆಹಣ್ಣು

ಸಸ್ಯಜನ್ಯ ಬೆಣ್ಣೆಯ ಡಬ್ಬಿಯ ಮುಚ್ಚಳದ ಮೇಲೆ ‘ಬೆಣ್ಣೆಯ ಬದಲಿಗೆ ಸಮಪ್ರಮಾಣದಲ್ಲಿ ಬಳಸಿ’ ಎಂದು ಬರೆಸಿದ ಮಹಾನುಭಾವರು ಯಾರೋ ತಿಳಿಯದು. ಆದರೆ ಅವರು ತಮ್ಮ ಆಯುಷ್ಯದಲ್ಲಿ ಒಂದು ಬಿಸ್ಕತ್ತನ್ನೂ ಬೇಯಿಸಿದವರಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಿನ್ನೆ ಸಂಜೆ ಆ ಮಾತನ್ನು ನಂಬಿ, ಗ್ರಾಂ ಲೆಕ್ಕದಲ್ಲಿ ತೂಗಿ, ಒಂದಕ್ಕೊಂದು ತಾಗದಂತೆ ಅಂತರ ಬಿಟ್ಟು ಓವನ್ನಿನೊಳಗೆ ಕಳಿಸಿದ ದುಂಡನೆಯ ಬಿಸ್ಕತ್ತುಗಳು, ತಮ್ಮ ನಡುವಿನ ಗಡಿಗಳನ್ನೆಲ್ಲ ಅಳಿಸಿಹಾಕಿ ಒಂದೇ ಅಖಂಡ ಭೂಪಟವಾಗಿ ಹೊರಬಂದವು. ಅದನ್ನು ತಟ್ಟೆಯಿಂದ ಎಬ್ಬಿಸಲು ಹೋದ ಮೊಗಚೆಕೈಯ ಕೆರೆತ ಇನ್ನೂ ನನ್ನ ಕಿವಿಯಲ್ಲಿದೆ.

ಮುಚ್ಚಳದ ಮಾತು ದಪ್ಪಕ್ಷರದಲ್ಲಿದ್ದರೆ, ಸತ್ಯ ಡಬ್ಬಿಯ ತಳದಲ್ಲಿ, ಕನ್ನಡಕ ಹಾಕಿಕೊಂಡರೂ ಕಷ್ಟದಿಂದ ಓದಬೇಕಾದ ಅಕ್ಷರದಲ್ಲಿತ್ತು. ಹಾಲಿನ ಬೆಣ್ಣೆಯಲ್ಲಿ ಶೇಕಡಾ 80ರಷ್ಟು ಕೊಬ್ಬೂ ಸುಮಾರು 16ರಷ್ಟು ನೀರೂ ಇರುತ್ತವೆ. ನನ್ನ ಡಬ್ಬಿಯಲ್ಲಿದ್ದ ಕೊಬ್ಬು ಅರ್ಧಕ್ಕಿಂತ ತುಸು ಹೆಚ್ಚು, ಉಳಿದದ್ದು ಬಹುಪಾಲು ನೀರು. ಫ್ರಿಜ್ಜಿನಿಂದ ತೆಗೆದ ಕೂಡಲೇ ಬ್ರೆಡ್ಡಿಗೆ ಸವರಲು ಸುಲಭವಾಗಲೆಂದು ಮೆತ್ತಗೆ ಮಾಡಿದ ಪದಾರ್ಥವದು. ಬೇಯಿಸುವುದಕ್ಕೆ ಬೇಕಾದದ್ದು ಅಚ್ಚಿನ ರೂಪದಲ್ಲಿ ಬರುವ, ಕೊಬ್ಬಿನಲ್ಲಿ ಬೆಣ್ಣೆಗೆ ಸಮೀಪವಾದ ಗಟ್ಟಿ ಬಗೆ. ಇದನ್ನು ಮುಚ್ಚಳದ ಮೇಲೆ ಬರೆದಿದ್ದರೆ ಯಾರ ಗಂಟು ಹೋಗುತ್ತಿತ್ತು?

ಭೂಪಟದ ಸುದ್ದಿ ನಮ್ಮ ಭಾವನವರಿಗೆ ತಲುಪಲು ತಡವಾಗಲಿಲ್ಲ. ಅಕ್ಕನ ಗಂಡನಾದ ಇವರು ಒಲೆಯ ಮುಂದೆ ನಿಂತವರಲ್ಲವಾದರೂ, ಅಡುಗೆಮನೆಯ ಸಕಲ ಸಂಕಟಗಳಿಗೂ ಅವರಲ್ಲಿ ಒಂದೇ ಒಂದು ಔಷಧವಿದೆ. “ಅದಕ್ಕೇಕೆ ಅಷ್ಟು ಒದ್ದಾಡುತ್ತೀಯಮ್ಮ? ಒಂದು ಬಾಳೆಹಣ್ಣು ಕಿವುಚಿ ಹಾಕು” ಎನ್ನುತ್ತಾರೆ. ಮೊಟ್ಟೆ ಬೇಡವೆಂದರೆ ಬಾಳೆಹಣ್ಣು. ಸಕ್ಕರೆ ಕಡಿಮೆ ಮಾಡಬೇಕೆಂದರೆ ಬಾಳೆಹಣ್ಣು. ಬೆಣ್ಣೆ ಕೂಡದೆಂದರಂತೂ ಆ ಜಾಗ ಬಾಳೆಹಣ್ಣಿನ ಪಿತ್ರಾರ್ಜಿತ. ಅವರ ಸಲಹೆಗಳನ್ನೆಲ್ಲ ಒಂದೇ ಕೇಕಿಗೆ ಅನ್ವಯಿಸಿ ಬರೆದು ನೋಡಿದಾಗ, ಬೇಕಾಗುವ ಸಾಮಗ್ರಿಗಳ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಮೈದಾ ಹಿಟ್ಟು ಮತ್ತು ಬಾಳೆಹಣ್ಣು ಮಾತ್ರ. “ಮೈದಾ ಕೂಡ ಒಗ್ಗದವರು ಏನು ಮಾಡಬೇಕು, ಭಾವ?” ಎಂದು ನಾನು ತುಸು ಖಾರವಾಗಿಯೇ ಕೇಳಿದೆ. ಅವರು ಸೂರು ನೋಡುತ್ತ ಗಂಭೀರವಾಗಿ ಯೋಚಿಸಿ, “ಬಾಳೆಕಾಯಿಯ ಹಿಟ್ಟು ಬರುತ್ತದಲ್ಲ!” ಎಂದರು.

ಅವರ ಮನಸ್ಸಿಗೆ ನೋವಾಗಬಾರದೆಂದು ಅಕ್ಕನೇ ಒಮ್ಮೆ, ಬೆಣ್ಣೆಯ ಪೂರ್ತಿ ಜಾಗಕ್ಕೆ ಬಾಳೆಹಣ್ಣನ್ನು ಕೂರಿಸಿ ಕೇಕ್ ಮಾಡಿದ್ದಳು. ಚಾಕು ಒತ್ತಿದರೆ ಅದು ವಿನಯದಿಂದ ತಗ್ಗುತ್ತಿತ್ತು, ಚಾಕು ತೆಗೆದರೆ ಮತ್ತೆ ಎದ್ದು ನಿಲ್ಲುತ್ತಿತ್ತು. ಹಿಟ್ಟಿನ ಕಣಗಳಿಗೆ ಕೊಬ್ಬು ಸವರಿಕೊಂಡು, ಅದರೊಳಗಿನ ಗ್ಲುಟೆನ್ ಉದ್ದುದ್ದ ಎಳೆ ಕಟ್ಟದಂತೆ ತಡೆಯುವುದರಿಂದಲೇ ಕೇಕ್ ಬಾಯಲ್ಲಿ ಕರಗುತ್ತದೆ. ಬಾಳೆಹಣ್ಣು ತೇವವನ್ನೂ ಸಿಹಿಯನ್ನೂ ಕೊಡಬಲ್ಲದೇ ಹೊರತು, ತನ್ನಲ್ಲಿಲ್ಲದ ಕೊಬ್ಬನ್ನು ಎಲ್ಲಿಂದ ತಂದುಕೊಡಬೇಕು? ಭಾವನವರು ಒಂದು ತುಂಡನ್ನು ಬಹಳ ಹೊತ್ತು ಅಗಿದು, “ಬೆಣ್ಣೆ ಇಲ್ಲವೆಂದು ಗೊತ್ತೇ ಆಗುವುದಿಲ್ಲ” ಎಂದು ತೀರ್ಪಿತ್ತರು. ನಿಜವೇ, ಬಾಳೆಹಣ್ಣಿನ ಹೊರತು ಬೇರೇನೂ ಗೊತ್ತಾಗುತ್ತಿರಲಿಲ್ಲ.

ಅಸಲಿಗೆ ಬೆಣ್ಣೆ ಮಾಡುವ ಕೆಲಸ ಒಂದೇ ಆಗಿದ್ದರೆ ಈ ಬದಲಿಗಳ ಮೇಲೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಸಕ್ಕರೆಯೊಡನೆ ನೊರೆಯುವಂತೆ ಕಡೆದರೆ ಅದು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆಗೆ ಆ ಹಿಡಿತವಿಲ್ಲ. ತೆಂಗಿನೆಣ್ಣೆ ಗಟ್ಟಿಯಾಗಿ ಕಂಡು ಆಸೆ ಹುಟ್ಟಿಸುತ್ತದೆ, ಆದರೆ ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಾದರೆ, ಇದು 24ಕ್ಕೇ ಕೈಚೆಲ್ಲುತ್ತದೆ. ಬಾಣಲೆಯಲ್ಲಿ ಬೆಣ್ಣೆ ಕಂದು ಬಣ್ಣಕ್ಕೆ ತಿರುಗಿ ಘಮಘಮಿಸುವುದು ಅದರಲ್ಲಿ ಉಳಿದಿರುವ ಹಾಲಿನ ಅಂಶದಿಂದ. ಅದಿಲ್ಲದ ಡಬ್ಬಿಯ ಪದಾರ್ಥ ಬಾಣಲೆಯಲ್ಲಿ ಬಹಳ ಹೊತ್ತು ಚಟಪಟ ಎಂದು ಜಗಳವಾಡಿ, ಕೊನೆಗೆ ಹಳದಿ ಎಣ್ಣೆಯಾಗಿ ಸುಮ್ಮನಾಗುತ್ತದೆ.

ಈ ಹಳದಿಯೂ ಸಾಮಾನ್ಯದ್ದಲ್ಲ, ಅದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದವರಿದ್ದಾರೆ. ಫ್ರಾನ್ಸಿನ ಮೂರನೆಯ ನೆಪೋಲಿಯನ್ನನಿಗೆ ಬೆಣ್ಣೆಗಿಂತ ಅಗ್ಗವಾದದ್ದೊಂದು ಬೇಕೆನಿಸಿ, 1869ರಲ್ಲಿ ಇಪೊಲಿತ್ ಮೇಜ್-ಮೂರಿಯೆ ಎಂಬ ರಸಾಯನಜ್ಞ ಮಾರ್ಗರಿನ್ ತಯಾರಿಸಿದ; ದನದ ಕೊಬ್ಬಿನಿಂದ! ಇಂದು ಡಬ್ಬಿಯ ಮೇಲೆ ಹಸಿರೆಲೆ ಅಂಟಿಸಿಕೊಂಡು ಮೆರೆಯುವ ವಂಶದ ಮೂಲಪುರುಷ ಇವನೇ. ಅದು ಬೆಣ್ಣೆಯಂತೆ ಕಾಣಬಾರದೆಂದು ಅಮೆರಿಕದ ಕೆಲವು ರಾಜ್ಯಗಳು ಗುಲಾಬಿ ಬಣ್ಣ ಬೆರೆಸಬೇಕೆಂದು ಕಾನೂನು ಮಾಡಿದವು; 1898ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದುಗೊಳಿಸಿತು. ವಿಸ್ಕಾನ್ಸಿನ್ ರಾಜ್ಯ ಹಳದಿ ಮಾರ್ಗರಿನ್ನಿನ ಮೇಲಿದ್ದ ನಿಷೇಧವನ್ನು ತೆಗೆದದ್ದು 1967ರಲ್ಲಿ, ಕೆನಡಾದ ಕ್ವಿಬೆಕ್ ಪ್ರಾಂತ್ಯ 2008ರಲ್ಲಿ. ಬಣ್ಣದ ಮೇಲೆ ಇಷ್ಟೊಂದು ನಿಗಾ ಇಟ್ಟ ಸರ್ಕಾರಗಳಲ್ಲಿ ಒಂದಾದರೂ ‘ಸಮಪ್ರಮಾಣ’ದ ಕಡೆ ಕಣ್ಣು ಹಾಯಿಸಿದ್ದರೆ ನನ್ನ ತಟ್ಟೆ ಉಳಿಯುತ್ತಿತ್ತು.

ಹಾಗಾದರೆ ಈ ಡಬ್ಬಿಗಳ ಸಹವಾಸವೇ ಏಕೆ ಎಂದು ನೀವು ಕೇಳಬಹುದು. ನನ್ನ ಅಣ್ಣನ ಮಗನಿಗೆ ಹಾಲಿನ ಪ್ರೋಟೀನಿನ ಅಲರ್ಜಿ. ಕೆಲವು ಮಾರ್ಗರಿನ್ನುಗಳಲ್ಲಿಯೂ ಹಾಲಿನ ಪುಡಿ ಅಥವಾ ಅದರ ತಿಳಿಯ ಅಂಶ ಅಡಗಿ ಕುಳಿತಿರುವುದರಿಂದ, ಡಬ್ಬಿಯ ತಳವನ್ನು ಓದದೆ ಏನನ್ನೂ ಅವನ ಮುಂದಿಡುವಂತಿಲ್ಲ. ಯಾರದೇ ಹುಟ್ಟುಹಬ್ಬವಿರಲಿ, ಉಳಿದ ಮಕ್ಕಳು ಕೇಕಿಗೆ ಮುಗಿಬಿದ್ದಿರುವಾಗ, ಅವನು ಮನೆಯಿಂದ ಕೊಟ್ಟು ಕಳಿಸಿದ ಪುಟ್ಟ ಡಬ್ಬಿಯನ್ನು ಬಿಚ್ಚಿಕೊಂಡು ಪಕ್ಕದಲ್ಲಿ ಕೂರುತ್ತಾನೆ. ದೂರುವುದಿಲ್ಲ, ಅದೇ ನೋಡಲಾಗದ್ದು. ಬೆಣ್ಣೆಯ ಅಳತೆಯ ಮುಕ್ಕಾಲು ಭಾಗದಷ್ಟು ಎಣ್ಣೆ ಹಾಕಿ ಮಾಡಿದ ಚಾಕೊಲೇಟ್ ಕೇಕ್ ನನಗೆ ಒಲಿದ ದಿನ, ಅವನು ತಟ್ಟೆಯನ್ನು ನೋಡಿ, ನನ್ನನ್ನು ನೋಡಿ, “ಅತ್ತೆ, ಇದನ್ನ ಎಲ್ಲರ ಜೊತೆ ನಾನೂ ತಿನ್ನಬಹುದಾ?” ಎಂದು ಕೇಳಿದ. ಎರಡನೆಯ ತುಂಡನ್ನು ಕೇಳದೆಯೇ ಎತ್ತಿಕೊಂಡ.

ಆ ಗೆಲುವಿನಿಂದ ಧೈರ್ಯ ಬಂದು, ಈಗ ಅವನು ಪದರ ಪದರವಾಗಿ ಉಬ್ಬುವ ಪಫ್ ಬೇಕೆಂದು ಹಠ ಹಿಡಿದಿದ್ದಾನೆ. ಕೊಬ್ಬು ಗಟ್ಟಿಯಾಗಿ, ತೆಳ್ಳಗೆ, ಹಿಟ್ಟಿನ ಮಡಿಕೆಗಳ ನಡುವೆ ಕರಗದೆ ಕುಳಿತಿದ್ದರೆ ಮಾತ್ರ ಆ ಪದರಗಳು ಬಿಡಿಬಿಡಿಯಾಗಿ ಏಳುತ್ತವೆ. ಬೆಣ್ಣೆಯಲ್ಲಿ ಮಾಡುವವರೇ ಬೆವರುವ ಕೆಲಸವದು. ಗಟ್ಟಿ ಅಚ್ಚನ್ನು ಹುಡುಕಿ ತಂದು, ತಳವನ್ನೂ ಓದಿ, ಫ್ರಿಜ್ಜಿನಲ್ಲಿಟ್ಟಿದ್ದೇನೆ. ಭಾನುವಾರ ಭಾವನವರು ಸಹಾಯಕ್ಕೆಂದು ಬರುತ್ತಾರಂತೆ; ಬರುವಾಗ ಒಂದು ಚಿಪ್ಪು ಬಾಳೆಹಣ್ಣನ್ನೂ ತರುತ್ತಾರಂತೆ.